ಬದುಕಿರುವ ದೇಯಕ್ಕನಿಗೆ ಒಂದು ನಿಮಿಷದ ಮೌನ

ಭಾನುವಾರದ ನಸುಕು. ಬಿಜೈಯ ಸರ್ಕಾರಿ ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸುಗಳಿಂದ ಇಳಿದವರು ಆಕಳಿಸುತ್ತ ರಿಕ್ಷಾ ಹುಡುಕುತ್ತಿದ್ದಾರೆ. ಅಲ್ಲಿಂದ ಕೂಗಳತೆಯ ದೂರದ ಸಭಾಭವನದಲ್ಲಿ ಮಾತ್ರ ಆಗಲೇ ಅರ್ಧ ದಿನದ ಕೆಲಸ ಮುಗಿದಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಬೈರಾಸು ಸುತ್ತಿಕೊಂಡು ದೇಯಕ್ಕ ನಿನ್ನೆಯ ಮದುವೆಯ ಕಸ ಗುಡಿಸುತ್ತಿದ್ದಾರೆ. "ಮದುವೆಯವರು ಹೂ ಬಿಸಾಡಿ ಹೋಗ್ತಾರೆ, ಪಾರ್ಟಿಯವರು ಕಾಗದ ಬಿಸಾಡಿ ಹೋಗ್ತಾರೆ. ಕಾಗದವೇ ಒಳ್ಳೇದು ಮಾರಾಯ್ರೆ, ಕಾಲು ಜಾರುದಿಲ್ಲ" ಎನ್ನುತ್ತ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಅಡುಗೆಮನೆಗೆ ಓಡುತ್ತಾರೆ. ಒಲೆಯ ಮೇಲೆ ಚಾದ ನೀರು ಮರಳುತ್ತಿದೆ.

ಇವತ್ತು ಭವನ ಕ್ರಾಂತಿಕಾರಿ ಸಮಾಜವಾದಿಗಳದ್ದು. ವರ್ಷಕ್ಕೊಮ್ಮೆ ಅವರ ಬಳಗ ಇಲ್ಲಿ ಬಹಿರಂಗ ಚರ್ಚಾದಿನ ನಡೆಸುತ್ತದೆ. ಯಾರು ಬೇಕಾದರೂ ಬರಬಹುದು, ಕೂರಬಹುದು, ಜಗಳ ಕಾಯಬಹುದು. ಬಂದರಿನ ಗುತ್ತಿಗೆ ಕೆಲಸ, ಎಲ್ಲೆಲ್ಲೋ ನಡೆಯುತ್ತಿರುವ ಯುದ್ಧ, ಬೈಕಿನಲ್ಲಿ ಊಟ ತಲುಪಿಸುವ ಹುಡುಗರ ಪಾಡು, ಕ್ರಾಂತಿ ಆಗುವುದು ಯಾವಾಗ ಮತ್ತು ಹೇಗೆ, ಹೀಗೆ ಬೆಳಗ್ಗಿನಿಂದ ಸಂಜೆಯ ತನಕ ಮಾತೇ ಮಾತು. ಅಷ್ಟು ಮಾತಿಗೆ ಗಂಟಲು ಒಣಗದಂತೆ ನೋಡಿಕೊಳ್ಳುವುದು ದೇಯಕ್ಕನ ಪಾಲಿನ ಕೆಲಸ. ಇನ್ನೂರು ಕುರ್ಚಿ ಒರೆಸಿ ಸಾಲು ಹಾಕಬೇಕು, ಮೂರು ಸಲ ಚಾ ಇಳಿಸಬೇಕು, ಕಡ್ಲೆ-ಅವಲಕ್ಕಿ ಕಲಸಬೇಕು, ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ ಬೇಯಿಸಬೇಕು. ಉಂಡ ತಟ್ಟೆಯನ್ನು ಅವರವರೇ ತೊಳೆಯಬೇಕೆಂಬುದು ಬಳಗದ ಕಟ್ಟುನಿಟ್ಟಿನ ನಿಯಮ. ಆದರೆ ಊಟದ ನಂತರದ ಗೋಷ್ಠಿ ಬಿಸಿಯೇರಿದಷ್ಟೂ ತೊಳೆಯದ ತಟ್ಟೆಗಳ ರಾಶಿ ಬೆಳೆಯುತ್ತದೆ. "ಶೋಷಣೆ ಅಂತ ಮಾತಾಡುವಾಗ ತಟ್ಟೆ ನೆನಪಾಗುದಿಲ್ಲ, ಪಾಪ" ಎಂದು ದೇಯಕ್ಕ ನಗುತ್ತಾರೆ. ಆ ನಗುವಿನಲ್ಲಿ ಕೊಂಕೇನೂ ಇಲ್ಲ.

ಅವರಿಗೀಗ ಅರವತ್ತೇಳೋ ಅರವತ್ತೆಂಟೋ. ಹತ್ತು ವರ್ಷಗಳಿಂದ ಭವನದ ಹಿಂದಿನ ಕೋಣೆಯೇ ಮನೆ. ಚರ್ಚಾದಿನಕ್ಕೆ ಬರುವ ಹಿರಿಯರು, ಕಿರಿಯರು, ಬೆಂಗಳೂರಿನ ಭಾಷಣಕಾರರು, ಕಾಸರಗೋಡಿನ ಕಾಮ್ರೇಡುಗಳು, ಎಲ್ಲರಿಗೂ ಅವರು ಬರೀ 'ಅಮ್ಮ'. ಅಮ್ಮ, ಚಾ ಆಯ್ತಾ? ಅಮ್ಮ, ಫ್ಯಾನ್ ಎಲ್ಲಿ ಹಾಕುದು? ಇಷ್ಟು ವರ್ಷಗಳಲ್ಲಿ ಅವರ ಹೆಸರೇನೆಂದು ಕೇಳಿದವರು ಒಬ್ಬರೂ ಇಲ್ಲ. ಗೊತ್ತಿರುವುದು ಭವನದ ಮ್ಯಾನೇಜರ್ ಮೋಹನದಾಸರಿಗೆ ಮಾತ್ರ. ಅವರಿಗೋ ಬುಕಿಂಗಿನ ಫೋನು ಬಿಟ್ಟರೆ ಬೇರೆ ಲೋಕವಿಲ್ಲ.

ದೇಯಕ್ಕ ಹುಟ್ಟಿ ಬೆಳೆದದ್ದು ಬೋಳಾರದಲ್ಲಿ. ಮೀಸೆ ಮೂಡದ ಹುಡುಗರೂ ಲಂಗ ಬಿಟ್ಟು ಸೀರೆ ಉಟ್ಟ ಹುಡುಗಿಯರೂ ಆಗೆಲ್ಲ ನೇರ ಹೋಗುತ್ತಿದ್ದದ್ದು ಹೊಳೆಬದಿಯ ಹಂಚಿನ ಕಾರ್ಖಾನೆಗೆ. ಯಂತ್ರದಿಂದ ಇಳಿದ ಹಸಿ ಹಂಚನ್ನು ಒಡೆಯದಂತೆ ಹೊತ್ತೊಯ್ದು ಒಣಗುವ ಅಟ್ಟಕ್ಕೆ ಸೇರಿಸುವುದು ಹೆಂಗಸರ ಕೆಲಸ. ಆಗಿನ್ನೂ ಬರೀ ದೇಯಿಯಾಗಿದ್ದ ಅವರ ಮುಂದೆ ಯಾವಾಗಲೂ ತೆರೆಸಾ ಬಾಯಿ ನಡೆಯುತ್ತಿದ್ದರು. ಎತ್ತರದ ಆಳು, ದೊಡ್ಡ ಸ್ವರ. ಕೊಂಕಣಿಯಲ್ಲಿ ಬೈದು ತುಳುವಿನಲ್ಲಿ ಸಮಾಧಾನ ಮಾಡುವವರು. "ನಂಗೆ ಹೆರಿಗೆ ಆದಾಗ ನನ್ನ ಪಾಲಿನ ಹಂಚೂ ಅವರೇ ಹೊತ್ತದ್ದು. ಮೇಸ್ತ್ರಿ ಕೇಳಿದ್ದಕ್ಕೆ, ದೇಯಿ ಇಲ್ಲೇ ಉಂಟು, ಕಣ್ಣು ಸರಿ ಇಲ್ವಾ ನಿಂಗೆ ಅಂತ ಹೇಳಿದ್ರಂತೆ" ಎಂದು ಕಡ್ಲೆ ತೊಳೆಯುತ್ತ ದೇಯಕ್ಕ ನೆನೆಯುತ್ತಾರೆ.

ಆಮೇಲೆ ಮಾಲೀಕರು ಒಂದು ಬೆಳಗ್ಗೆ ಹೇಳದೆ ಕೇಳದೆ ಗೇಟಿಗೆ ಬೀಗ ಜಡಿದರು. ಒಳಗಿನ ಯಂತ್ರಗಳನ್ನು ಲಾರಿಗೆ ಹೇರಿ ಸಾಗಿಸಲು ನೋಡಿದಾಗ ಹೆಂಗಸರು ಗೇಟಿನಲ್ಲಿ ಕೂತರು. ಲಾರಿ ಹೊರಟೇಬಿಟ್ಟಿತು. ಎಲ್ಲರೂ ಎದ್ದು ಬದಿಗೆ ಸರಿದರೆ ತೆರೆಸಾ ಬಾಯಿ ಒಬ್ಬರು ಚಕ್ರದ ಮುಂದೆ ಉದ್ದಕ್ಕೆ ಮಲಗಿದರು. "ಡ್ರೈವರ್ ಬ್ರೇಕ್ ಹಾಕಿದ. ಲಾರಿಯ ಬಂಪರ್ ಅವರ ತಲೆಯ ಮೇಲೆ ಬಂದಿತ್ತು. ನನ್ನ ಎದೆ ಅಲ್ಲೇ ನಿಂತುಹೋಗಿತ್ತು ಮಾರಾಯ್ರೆ" ಎನ್ನುವಾಗ ದೇಯಕ್ಕನ ಕೈ ಕಡ್ಲೆಯ ನೀರಿನಲ್ಲೇ ನಿಲ್ಲುತ್ತದೆ. ಅವತ್ತು ಚಕ್ರದ ಮುಂದಿನಿಂದ ಎಬ್ಬಿಸುವ ಎಳೆದಾಟದಲ್ಲಿ ತೆರೆಸಾ ಬಾಯಿಯ ಸೊಂಟಕ್ಕೆ ಪೆಟ್ಟಾಯಿತು, ಮತ್ತೆಂದೂ ನೆಟ್ಟಗಾಗಲಿಲ್ಲ. ಆದರೂ ಆ ಲಾರಿ ಆ ದಿನ ಗೇಟು ದಾಟಲಿಲ್ಲ, ಕೆಲಸಗಾರರಿಗೆ ಸಿಗಬೇಕಾದ ಹಣ ಸಿಕ್ಕಿತು. ಕಾರ್ಖಾನೆ ಮಾತ್ರ ಪುನಃ ತೆರೆಯಲಿಲ್ಲ. ತೆರೆಸಾ ಬಾಯಿ ಕುಂಟುತ್ತಲೇ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿದು, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರನ್ನು ಇಗರ್ಜಿಯ ಸ್ಮಶಾನದಲ್ಲಿ ಮಣ್ಣು ಮಾಡಿದ ದಿನ ಕಾರ್ಖಾನೆಯ ಕಡೆಯಿಂದ ಶವಪೆಟ್ಟಿಗೆಯ ಹಿಂದೆ ನಡೆದವರು ದೇಯಕ್ಕ ಒಬ್ಬರೇ.

ಇದನ್ನೆಲ್ಲ ಬಳಗದವರಿಗೆ ಯಾಕೆ ಹೇಳಲಿಲ್ಲ ಎಂದರೆ ದೇಯಕ್ಕನಿಗೆ ಆಶ್ಚರ್ಯ. "ಅವರು ಆ ಕಾಲದವರಲ್ಲ. ಕೇಳದೆ ಹೇಳಿಕೊಂಡರೆ ಬಡಾಯಿ ಅಲ್ವಾ?"

ಸಭೆ ಶುರುವಾಗುವ ಹೊತ್ತಿಗೆ ಕುರ್ಚಿಗಳು ತುಂಬಿವೆ. ಬಳಗದ ಪದ್ಧತಿಯಂತೆ ಮೊದಲು ಅಗಲಿದ ಸಂಗಾತಿಗಳಿಗೆ ಗೌರವ. ಕಾರ್ಯದರ್ಶಿ ರಾಯ್‌ಸ್ಟನ್ ಬ್ಯಾಂಕಿನಿಂದ ನಿವೃತ್ತರಾದವರು, ಗಂಭೀರ ಮನುಷ್ಯ. ಅವರ ಪಕ್ಕದಲ್ಲಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಆಂಡ್ರಿಯಾ. ಬೋಳಾರದ ಹಂಚಿನ ಹೆಂಗಸರ ಚರಿತ್ರೆ ಬರೆಯಲು ಒಂದು ವರ್ಷ ಊರೆಲ್ಲ ಅಲೆದಿರುವ ಹುಡುಗಿ. ವೇದಿಕೆಯ ಮೇಲೆ ಬಟ್ಟೆ ಹೊದಿಸಿದ ಒಂದು ಚಿತ್ರ. ಅದನ್ನಿಡುವ ಮೇಜನ್ನು ನಸುಕಿನಲ್ಲಿ ಒರೆಸಿ ಕೊಟ್ಟದ್ದು ದೇಯಕ್ಕನೇ. ಈಗ ಅವರು ಸಭಾಂಗಣದ ಹಿಂಬಾಗಿಲಲ್ಲಿ ಚಾದ ತಟ್ಟೆ ಹಿಡಿದು ನಿಂತಿದ್ದಾರೆ.

ಆಂಡ್ರಿಯಾ ಬಟ್ಟೆ ಸರಿಸುತ್ತಾರೆ. ಹಳೆಯ ಪತ್ರಿಕೆಯಿಂದ ತೆಗೆದು ದೊಡ್ಡದು ಮಾಡಿಸಿದ ಚಿತ್ರ. ಒಂದು ಲಾರಿಯ ಮೂತಿ, ಅದರ ಕೆಳಗೆ ಅಂಗಾತ ಮಲಗಿದ ಹೆಂಗಸು. ದೇಯಕ್ಕ ತಟ್ಟೆ ಹಿಡಿದೇ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಎಷ್ಟೋ ವರ್ಷಗಳ ಮೇಲೆ ತೆರೆಸಾ ಬಾಯಿಯ ಮುಖ! ಸಂತೋಷಪಡಲೂ ಪುರುಸೊತ್ತು ಸಿಗುವುದಿಲ್ಲ. ಮೈಕಿನಲ್ಲಿ ರಾಯ್‌ಸ್ಟನ್ ಅವರ ಸ್ವರ ಕೇಳುತ್ತದೆ. "ಲಾರಿಯ ಮುಂದೆ ಮಲಗಿ ಕಾರ್ಮಿಕರ ಮಾನ ಉಳಿಸಿದ ದಿಟ್ಟೆ, ನಮ್ಮನ್ನಗಲಿದ ಕಾಮ್ರೇಡ್ ದೇಯಿ ಬೋಳಾರ ಅವರಿಗೆ ಎದ್ದು ನಿಂತು ಒಂದು ನಿಮಿಷ ಮೌನ ಸಲ್ಲಿಸೋಣ. ಕಾಮ್ರೇಡ್ ದೇಯಿಗೆ ಲಾಲ್ ಸಲಾಂ!"

ಇಡೀ ಸಭೆ ಎದ್ದು ನಿಲ್ಲುತ್ತದೆ.

ಇನ್ನೂರು ಜನ ತಲೆ ತಗ್ಗಿಸಿ ನಿಂತಿದ್ದಾರೆ. ಯಾರಿಗಾಗಿ ನಿಂತಿದ್ದಾರೋ ಆ ಹೆಂಗಸು ಅವರ ಬೆನ್ನ ಹಿಂದೆ, ಲೋಟಗಳು ಕಿಣಿಗುಟ್ಟುವ ಚಾದ ತಟ್ಟೆ ಹಿಡಿದುಕೊಂಡು ನಿಂತಿದ್ದಾರೆ. ಕೊನೆಯ ಸಾಲಿನಲ್ಲಿದ್ದ ಯಾರೋ ತಿರುಗಿ, ಲೋಟಗಳ ಸದ್ದಿಗೆ ಸಿಡುಕಿ, ತುಟಿಯ ಮೇಲೆ ಬೆರಳಿಡುತ್ತಾರೆ. ಸತ್ತವರಿಗೆ ಗೌರವ ಕೊಡಬೇಕಲ್ಲ! "ನಾನು ಸತ್ತಿದ್ದೇನಾ ಅಂತ ಒಂದು ಗಳಿಗೆ ನಂಗೇ ಡೌಟು ಬಂತು" ಎಂದು ದೇಯಕ್ಕ ನಂತರ ಹೇಳುತ್ತಾರೆ. "ಆಮೇಲೆ ಚಾ ಚೆಲ್ಲಿ ಕಾಲು ಸುಟ್ಟಿತು. ಇಲ್ಲ, ಜೀವ ಉಂಟು ಅಂತ ಗೊತ್ತಾಯ್ತು."

ಮೌನ ಮುಗಿದ ಮೇಲೆ ರಾಯ್‌ಸ್ಟನ್ ಇನ್ನೊಂದು ಮಾತು ಹೇಳುತ್ತಾರೆ. ಇದೇ ಚಿತ್ರ ಆಂಡ್ರಿಯಾ ಬರೆದ ಪುಸ್ತಕದ ಮುಖಪುಟ. ಸಂಜೆ ಸಭೆಯ ಒಪ್ಪಿಗೆ ಪಡೆದು ನಾಳೆಯೇ ಅಚ್ಚಿಗೆ ಕೊಡುವುದು, ಬಳಗದ ಓದುಕೋಣೆಯಲ್ಲೂ ಇದನ್ನೇ ದೇಯಿಯ ಹೆಸರಿನಲ್ಲಿ ಶಾಶ್ವತವಾಗಿ ತೂಗುಹಾಕುವುದು. ಸಭೆ ಚಪ್ಪಾಳೆ ತಟ್ಟುತ್ತದೆ. ದೇಯಕ್ಕ ಅಡುಗೆಮನೆಗೆ ಬಂದು ಅಕ್ಕಿಗೋಣಿಯ ಮೇಲೆ ಕೂರುತ್ತಾರೆ. ತನ್ನನ್ನು ಸತ್ತವಳೆಂದದ್ದಕ್ಕಿಂತ ದೊಡ್ಡ ಆಘಾತ ಈಗ ಬಡಿದಿದೆ. ತಾನಾದರೂ ಬದುಕಿದ್ದೇನೆ. ಸತ್ತ ತೆರೆಸಾ ಬಾಯಿಯನ್ನು ಇವರು ನಾಳೆ ಇನ್ನೊಮ್ಮೆ, ಅದೂ ಅಚ್ಚು ಹಾಕಿ, ಮುಗಿಸುತ್ತಾರೆ.

ತಪ್ಪು ಹೇಗಾಯಿತೆಂದು ದೇಯಕ್ಕನಿಗೆ ಹೊಳೆಯಲು ತಡವಾಗುವುದಿಲ್ಲ. ಲಾರಿ ತಡೆದ ಮರುದಿನ ತೆರೆಸಾ ಬಾಯಿ ಆಸ್ಪತ್ರೆಯಲ್ಲಿದ್ದರು, ಪತ್ರಿಕೆಯವರ ಜತೆ ಮಾತಾಡಿದ್ದು ದೇಯಿ. ಚಿತ್ರದ ಅಡಿಯಲ್ಲಿ ಅವಳ ಹೆಸರೇ ಬಂತು. "ಅವತ್ತು ಆ ಪೇಪರ್ ಹಿಡ್ಕೊಂಡು ಆಸ್ಪತ್ರೆಗೆ ಹೋದೆ. ತೆರೆಸಾ ಬಾಯಿ ಸೊಂಟ ಹಿಡ್ಕೊಂಡು ನಗಾಡಿದ್ರು. ಮಲಗಿದ್ದು ನಾನು, ಎದ್ದದ್ದು ನೀನಾ ಅಂತ. ನಾನೂ ನಗಾಡಿದೆ." ಇನ್ನು ಆಂಡ್ರಿಯಾ ಬೋಳಾರಕ್ಕೆ ಹೋದಾಗ ಹಂಚಿನವರ ಮನೆಗಳ ಸಾಲು ಇದ್ದಲ್ಲಿ ಅಪಾರ್ಟ್‌ಮೆಂಟ್ ನಿಂತಿತ್ತು. ಎದುರಿನ ಅಂಗಡಿಯವರು, ಆ ಹೆಂಗಸರಲ್ಲಿ ಒಬ್ಬರೂ ಉಳಿದಿಲ್ಲ ಎಂದು ಕೈಯಾಡಿಸಿಬಿಟ್ಟರು. ಒಂದು ವರ್ಷ ಹುಡುಕಿದ ಹುಡುಗಿ ಚರ್ಚಾದಿನದ ತಯಾರಿಗೆಂದು ಇದೇ ಭವನಕ್ಕೆ ಬಂದು ಎಷ್ಟು ಸಲ ಚಾ ಕುಡಿದು ಹೋಗಿದ್ದಾಳೋ ದೇವರೇ ಬಲ್ಲ.

ಚಾ ವಿರಾಮದಲ್ಲಿ ಆಂಡ್ರಿಯಾ ಅಡುಗೆಮನೆಗೆ ಬರುತ್ತಾರೆ. ಕಣ್ಣು ಇನ್ನೂ ಒದ್ದೆ. "ಅಮ್ಮ, ನಂಗೊಂದು ಸಕ್ಕರೆ ಇಲ್ಲದ್ದು ಕೊಡ್ತೀರಾ? ದೇಯಿಯ ಬಗ್ಗೆ ಮಾತಾಡಿ ಗಂಟಲು ಒಣಗಿತು." ದೇಯಕ್ಕ ಹೇಳಿಬಿಡಬೇಕೆಂದು ತಿರುಗುತ್ತಾರೆ. ಆದರೆ ಆ ಮುಖ ನೋಡಿ ಲೋಟಕ್ಕೆ ಕೈ ಹಾಕುತ್ತಾರೆ. ಹೇಳಿದರೆ ಈ ಹುಡುಗಿಯ ವರ್ಷದ ದುಡಿಮೆಗೆ ಎಲ್ಲರೆದುರು ಮಸಿ. ಹೇಳದಿದ್ದರೆ ತೆರೆಸಾ ಬಾಯಿ ಇನ್ನೆಂದೂ ಇಲ್ಲ. ಅವರು ಚಾ ಕೊಟ್ಟು ಮುಖ ತಿರುಗಿಸುತ್ತಾರೆ. ಗಂಜಿಗೆ ಉಪ್ಪು ಎರಡು ಸಲ ಬೀಳುತ್ತದೆ. ಸಂಗತಿ ಕೇಳಿದ ಮೋಹನದಾಸರು ತಲೆಯ ಮೇಲೆ ಕೈಯಿಟ್ಟುಕೊಂಡು, "ಬಿಡಿ ದೇಯಕ್ಕ, ಅವರ ಮೀಟಿಂಗಿಗೆ ನಾವು ತಲೆ ಹಾಕುದು ಬೇಡ. ಹೆಸರು ನಿಮ್ಮದೇ ಬಂತಲ್ಲ, ನಿಮಗೆಂತ ನಷ್ಟ?" ಎಂದು ಗೊಣಗುತ್ತಾರೆ. ಮಧ್ಯಾಹ್ನದ ತನಕ ಅತ್ತ ಇತ್ತ ಹೊಯ್ದಾಡುತ್ತಿದ್ದ ದೇಯಕ್ಕನ ಮನಸ್ಸು ಈ ಒಂದು ಮಾತಿಗೆ ಕೆರಳುತ್ತದೆ. ತನಗೆ ನಷ್ಟವಿಲ್ಲ ಎಂಬುದೇ ಅವರಿಗೆ ತಡೆಯಲಾಗದ ನೋವು.

ಸಂಜೆಯ ಗೋಷ್ಠಿಗೆ ಮೈಕನ್ನು ವೇದಿಕೆಯಿಂದ ಇಳಿಸಿ ಕುರ್ಚಿಗಳ ನಡುವಿನ ದಾರಿಯಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ಯಾರು ಬೇಕಾದರೂ ಮಾತಾಡಬಹುದು. ರಾಯ್‌ಸ್ಟನ್ ಮುಖಪುಟದ ನಿರ್ಣಯ ಓದಿ, "ಯಾರದಾದರೂ ಆಕ್ಷೇಪ ಉಂಟಾ?" ಎಂದು ರೂಢಿಯಂತೆ ಕೇಳುತ್ತಾರೆ. ಆಕ್ಷೇಪ ಇರುವುದಿಲ್ಲವೆಂಬುದೂ ರೂಢಿಯೇ. ಆಗ ಹಿಂದಿನಿಂದ ದೇಯಕ್ಕ ನಡೆದು ಬರುತ್ತಾರೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಾರೆ. ಫ್ಯಾನು ಕೆಟ್ಟಿರಬೇಕೆಂದುಕೊಂಡ ಒಬ್ಬರು, "ಅಮ್ಮ, ಆಮೇಲೆ ಆಮೇಲೆ" ಎನ್ನುತ್ತಾರೆ. ದೇಯಕ್ಕ ಮೈಕನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.

"ಆ ಫೋಟೊದಲ್ಲಿ ಇರುದು ತೆರೆಸಾ ಲೋಬೊ. ದೇಯಿ ಅಲ್ಲ. ದೇಯಿ ನಾನು."

ಎಲ್ಲೋ ಒಂದು ಲೋಟ ಉರುಳಿದ ಸದ್ದು. ರಾಯ್‌ಸ್ಟನ್ ಅವರ ಕೈಯ ಕಾಗದ ಫ್ಯಾನಿನ ಗಾಳಿಗೆ ಹಾರಿಹೋದರೂ ಅವರಿಗೆ ಅರಿವಿಲ್ಲ. ಇಷ್ಟು ವರ್ಷ ದುಡಿಯುವವರ ಬಗ್ಗೆ ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದ ಜನ, ಬೆಳಗ್ಗೆ ತುಟಿಯ ಮೇಲೆ ಬೆರಳಿಟ್ಟವರೂ ಸೇರಿ, ಕತ್ತು ತಿರುಗಿಸಿ ಚಾದ ಅಮ್ಮನನ್ನು ನೋಡುತ್ತಿದ್ದಾರೆ. ಆಂಡ್ರಿಯಾ ಒಮ್ಮೆ ಚಿತ್ರ ನೋಡುತ್ತಾರೆ, ಒಮ್ಮೆ ದೇಯಕ್ಕನನ್ನು ನೋಡುತ್ತಾರೆ.

"ನನ್ನ ಹೆಸರಿಗೆ ಬೆಳಗ್ಗೆ ನಿಂತಿರಿ, ನಾನೂ ನಿಂತೆ. ಅದು ಹೋಗ್ಲಿ. ಆದ್ರೆ ಲಾರಿ ಬಂದಾಗ ನಾನು ಹೆದರಿ ಓಡಿದವಳು. ಮಲಗಿದ್ದು ತೆರೆಸಾ ಬಾಯಿ. ಅವರು ಸತ್ತಾಗ ಒಬ್ರೂ ಬರ್ಲಿಲ್ಲ. ಈಗ ಅವರ ಮುಖವನ್ನೂ ನಂಗೆ ಕೊಟ್ರೆ ನಾನು ಎಲ್ಲಿ ಇಟ್ಕೊಳ್ಳಲಿ? ನನ್ನ ಹತ್ರ ಇರುದು ಒಂದು ಕೋಣೆ." ಅವರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ. ಆಮೇಲೆ ತುಸು ಜೋರಾಗಿಯೇ, "ಒಮ್ಮೆ ಎದ್ದು ನಿಲ್ತೀರಾ, ತೆರೆಸಾ ಬಾಯಿಗೆ?"

ಮೊದಲು ಎದ್ದದ್ದು ಆಂಡ್ರಿಯಾ. ನಿರ್ಣಯ ಹಾಗೇ ಬಿದ್ದುಹೋಗುತ್ತದೆ. ಪುಸ್ತಕ ಅಚ್ಚಿಗೆ ಹೋಗುವುದು ನಿಲ್ಲುತ್ತದೆ. ಮುಖಪುಟದ ಚಿತ್ರ ಅದೇ, ಹೆಸರು ಮಾತ್ರ ತೆರೆಸಾ ಲೋಬೊ ಎಂದು ರಾಯ್‌ಸ್ಟನ್ ತೊದಲುತ್ತ ಘೋಷಿಸುತ್ತಾರೆ.

ಸಭೆ ಚದುರಿದ ಮೇಲೆ ಆಂಡ್ರಿಯಾ ಅಡುಗೆಮನೆಯಲ್ಲಿ ತಟ್ಟೆ ತೊಳೆಯಲು ನಿಲ್ಲುತ್ತಾರೆ. ದೇಯಕ್ಕ ಬೇಡವೆನ್ನುವುದಿಲ್ಲ. ಆಂಡ್ರಿಯಾ ತಟ್ಟೆ ಉಜ್ಜುತ್ತಲೇ ಹೇಳುತ್ತಾರೆ. "ದೇಯಕ್ಕ, ನಿಮ್ಮನ್ನು ಬದುಕಿರುವಾಗಲೇ ಕೊಂದುಬಿಟ್ಟೆನಲ್ಲ. ನಾನೆಂತ ಮಾಡ್ಲಿ ಹೇಳಿ."

"ಅಳಬೇಡ ಮಗಾ" ಎಂದು ದೇಯಕ್ಕ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. "ನಾನು ನಿಜವಾಗಿ ಸತ್ತಾಗ ನೀವು ಪುನಃ ನಿಲ್ಲುದು ಬೇಡ, ನಂದು ಇವತ್ತೇ ಆಗಿದೆ. ಆ ಒಂದು ನಿಮಿಷ ಕೂತುಕೊಂಡು ಚಾ ಕುಡೀರಿ. ಚಾ ಕೊಟ್ಟವಳ ಹೆಸರು ಕೇಳಿ."