ಅತ್ತೆಯ ಪಡಸಾಲೆಯಲ್ಲಿ ಓದು

ಊರವರನ್ನೇ ಜೊತೆಗಿಟ್ಟುಕೊಂಡು ಸಂಶೋಧನೆ ಮಾಡುವುದೆಂದರೆ ಅರ್ಧ ದಿನ ಚಹಾ ಕುಡಿಯುವುದು, ಉಳಿದರ್ಧ ದಿನ ಬೈಸಿಕೊಳ್ಳುವುದು. ನನಗೆ ಎರಡೂ ಒಗ್ಗಿವೆ. ವಯಸ್ಕರ ಓದಿನ ಕೇಂದ್ರಗಳಿಗೆ ಹೆಸರು ಹಚ್ಚಿದ ಹೆಂಗಸರು ಆಮೇಲೆ ಯಾಕೆ ಬಿಡುತ್ತಾರೆ ಎಂದು ತಿಳಿಯಲು ಘಟಪ್ರಭಾದಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಗೆ ಓಡಾಡುತ್ತಿದ್ದೆ. ಎಲ್ಲಿ ಕೇಳಿದರೂ ಒಂದೇ ಉತ್ತರ: "ಟೈಮ್ ಸಿಗೂದಿಲ್ರಿ." ದಡ್ಡಿ ಎಂಬ ಹಳ್ಳಿಯಲ್ಲೂ ಅದೇ, ಮೂಡಲಗಿಯಲ್ಲೂ ಅದೇ. ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು.

ಮಮದಾಪುರದಲ್ಲಿ ಕೇಂದ್ರ ನಡೆಯುತ್ತಿದ್ದದ್ದು ಊರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹಿರಿಯರೊಬ್ಬರ ಪಡಸಾಲೆಯಲ್ಲಿ. ಜಾಗ ಕೊಟ್ಟವರು, ಹೆಂಗಸರನ್ನು ಕರೆತಂದವರು, ಸಂಶೋಧನೆಯಲ್ಲಿ ನಮ್ಮ ಪಾಲುದಾರರಾದವರು, ಎಲ್ಲ ಅವರೇ. ತಾವು ಶಾಲೆಯ ಮುಖ ಕಂಡವರಲ್ಲ. ಸೊಸೆ ತಮ್ಮ ಮನೆಯಲ್ಲಿ ಕೂತು ಓದುವುದನ್ನು ಕಿವಿಯಾರೆ ಕೇಳಬೇಕು ಎಂಬುದೊಂದೇ ಹಂಬಲ. ಆ ಸೊಸೆಯೋ ಸೆರಗು ಹೊದ್ದು ಪುಸ್ತಕ ತೆರೆದು ಸುಮ್ಮನೆ ಕೂತಿರುತ್ತಿದ್ದಳು. ಕೆಲವು ವಾರಗಳಲ್ಲಿ ಅದೂ ನಿಂತಿತು. ಓದಿನ ಹೊತ್ತಿಗೆ ಒಲೆಯ ಮುಂದೆ ಕೂರತೊಡಗಿದಳು.

"ಪೆನ್ನು ಹಿಡಕೊಂಡು ಹ್ವಾದ್ರ ಯಾರು ಖರೆ ಹೇಳ್ತಾರ, ಬಾಯಾರ?" ಎಂದು ನನ್ನನ್ನು ಗದರಿಸಿದವರೂ ಕಾಕುವೇ; ಅವರಿಗೆ ನಾನು ‘ಬಾಯಾರು’, ಅಂದರೆ ಟೀಚರಮ್ಮ. "ಹೊಲದಾಗ ಕಸಾ ತಗ್ಯಾಕ ಹೋದಾಗ ಸೊಸ್ತ್ಯಾರು ತಮ್ಮ ತಮ್ಮೊಳಗ ಮಾತಾಡ್ಲಿ."

ಹಾಗೇ ಮಾಡಿದೆವು. ಗೋವಿನಜೋಳದ ಹೊಲದಿಂದ ಬಂದ ಮಾತು ಸರಳವಾಗಿತ್ತು. ಅತ್ತೆಯ ಮುಂದೆ ಸೊಸೆ ದನಿ ಎತ್ತುವ ರೂಢಿಯಿಲ್ಲ. ದನಿ ಎತ್ತದೆ ಓದು ಕಲಿಯುವುದು ಹೇಗೆ?

ನಾವು ಏನೇ ಬರೆದರೂ ಮೊದಲು ಪಾಲುದಾರರ ಮುಂದೆ ಓದಬೇಕು, ಅವರು ಬೇಡವೆಂದರೆ ತೆಗೆಯಬೇಕು ಎಂದು ಮೊದಲೇ ಮಾತಾಗಿತ್ತು. ಅದೇ ಪಡಸಾಲೆಯಲ್ಲಿ ಕಾಕು ಮತ್ತು ಕೇಂದ್ರಕ್ಕೆ ಬರುತ್ತಿದ್ದ ಉಳಿದ ಅತ್ತೆಯರ ಮುಂದೆ ಕೂತು, ಬರೆದದ್ದನ್ನು ಓದಿದೆ. ಯಾರ ಹೆಸರೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವಂತೆ ಅತ್ತೆಯರೆಲ್ಲ ಒಮ್ಮೆಲೇ ಎದ್ದರು. "ನಾವೇನ್ ಅವರ ಬಾಯಿ ಕಟ್ಟೇವೇನ್ರಿ? ತಗೀರಿ ಅದನ್ನ!"

ನಾನು ಕಾಕುವಿನ ಕಡೆ ನೋಡಿದೆ. ಇವರೂ ತೆಗೆಯಿರಿ ಎಂದರೆ ಮುಗಿಯಿತು ಎಂದು ನನಗೆ ಹೆದರಿಕೆಯಾಯಿತು.

"ಇರ್ಲಿ ಬಿಡ್ರಿ," ಎಂದರು ಕಾಕು. "ಖರೆ ಐತಿ. ನಾ ಏನ್ ನಮ್ಮತ್ತಿ ಮುಂದ ಬಾಯಿ ತಗದಿದ್ನೇನು?"

ಮರುವಾರದಿಂದ ಅತ್ತೆಯರ ಪಾಠ ಬೆಳಿಗ್ಗೆ, ಸೊಸೆಯಂದಿರದು ಸಂಜೆ ಎಂದಾಯಿತು. ಸಂಜೆಯಾದರೆ ಕಾಕು ಚಪ್ಪಲಿ ಮೆಟ್ಟಿ ಹೊರಗೆ ಹೊರಡುತ್ತಿದ್ದರು, ತಮ್ಮದೇ ಮನೆಯಿಂದ. ಸೊಸೆ ಒಲೆ ಬಿಟ್ಟು ಬಂದು ಕೂತಳು. ಮೊದಲು ತಡವರಿಸಿದಳು. ಬರಬರುತ್ತ ಜೋರಾಗಿ ಓದತೊಡಗಿದಳು, ತಪ್ಪಿದರೆ ತಾನೇ ನಗುತ್ತಿದ್ದಳು. ನನಗಾದ ಖುಷಿ ಅಷ್ಟಿಷ್ಟಲ್ಲ.

ಒಂದು ಸಂಜೆ ಪಾಠ ಮುಗಿದ ಮೇಲೆ ಬಸ್ಸಿಗೆ ಹೊರಟಿದ್ದೆ. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಕಾಕು ಕೈಮಾಡಿ ಕರೆದರು. ಹತ್ತಿರ ಹೋದಾಗ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಬಾಯಾರ, ನಮ್ಮ ಸೊಸಿ ಓದಾಕತ್ತಾಗ ಆಕಿ ದನಿ ಹೆಂಗ ಇರ್ತೈತ್ರಿ?"