ಕೆರೆ ಯಾವ ಟ್ಯಾಗಿನದು

ಕಾಫಿ ಗಿಡ ಹೂ ಬಿಡಲೆಂದು ನೀರು ಹಾರಿಸುವ ದಿನಗಳು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಫೋನಿನಲ್ಲಿ ನಮ್ಮ ತೋಟದ ಕೆಲಸದ ಬೋರ್ಡು ತೆರೆದರೆ, ಹಿಂದಿನ ಸಂಜೆ ಇಲ್ಲದ ಎರಡು ಬಣ್ಣಗಳು ಬಂದು ಕೂತಿದ್ದವು. ಪ್ರತಿ ಕೆಲಸದ ಪಕ್ಕದಲ್ಲೂ ಒಂದು ಟ್ಯಾಗ್. ಹಸಿರಿನದು ‘ಗುಡ್ಡದ ಕಡೆ’, ನೀಲಿಯದು ‘ಕೆರೆ ಕಡೆ’. ಮೋಟಾರು, ಪೈಪು, ಸ್ಪ್ರಿಂಕ್ಲರ್, ಕೆರೆಯ ಹೂಳು, ಎಲ್ಲವೂ ನೀಲಿ. ಮೈದುನ ಪಾಲಿನ ಮಾತು ಶುರು ಹಚ್ಚಿಕೊಂಡ ಎಂದುಕೊಂಡೆ.

ಬಣಕಲ್‌ನಿಂದ ಸ್ವಲ್ಪ ಒಳಗಿರುವ ಈ ತೋಟ ಇನ್ನೂ ಪಾಲಾಗಿರಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೂ ನಾನು ಮತ್ತು ಅವರ ತಮ್ಮ ಒಟ್ಟಿಗೇ ನಡೆಸಿಕೊಂಡು ಬಂದಿದ್ದೆವು. ಹಾಗೆಂದು ಊರವರು ಹೊಗಳುತ್ತಿದ್ದರು, ನಾವೂ ನಂಬಿದ್ದೆವು. ನಾನು ನೋಡಿಕೊಳ್ಳುವ ಗುಡ್ಡದ ಮೇಲಿನ ರೊಬಸ್ಟಾ ಕಾಫಿಗೆ ಕೆಳಗಿನ ಕೆರೆಯೊಂದೇ ಗತಿ. ಹೂವಿನ ಹೊತ್ತಿಗೆ ನೀರು ತಪ್ಪಿದರೆ ಆ ವರ್ಷದ ಫಸಲೇ ತಪ್ಪಿದ ಹಾಗೆ. ಕೆರೆ ಅವನದಾಗಿಬಿಟ್ಟರೆ ನಾನು ಮೋಡ ನೋಡುತ್ತಾ ಕೂರಬೇಕು.

ಈ ಬೋರ್ಡು ತಂದವನೂ ಅವನೇ. ಎಲ್ಲೋ ಟ್ರೇನಿಂಗಿಗೆ ಹೋಗಿಬಂದು ಎಐ ಏಜೆಂಟ್ ಅಂತ ಎರಡನ್ನು ಅದರೊಳಗೆ ಕೂರಿಸಿದ್ದ. ಒಂದು, ಇಬ್ಬರು ಮೇಸ್ತ್ರಿಗಳು ಕಳಿಸುವ ವಾಯ್ಸ್ ಮೆಸೇಜ್ ಕೇಳಿ ಯಾವ ಯಾವ ಕೆಲಸ ಆಗಬೇಕು ಎಂದು ಬೋರ್ಡಿಗೆ ಹಾಕುತ್ತದೆ. ಇನ್ನೊಂದು, ಟ್ಯಾಗ್ ನೋಡಿಕೊಂಡು ವಾರಕ್ಕೆ ಆಳುಗಳನ್ನು ಹಂಚುತ್ತದೆ. ಯಾವ ಕೆಲಸವನ್ನೂ ಅಳಿಸಲು ಅವಕ್ಕೆ ಅನುಮತಿಯಿಲ್ಲ. ಟ್ಯಾಗ್ ಮಾತ್ರ ಬೇಕಾದಷ್ಟು ಮಾಡಿಕೊಳ್ಳಬಹುದು.

“ಟ್ಯಾಗ್ ಅಂದ್ರೆ ಬರೀ ಹೆಸ್ರು ಅತ್ತಿಗೆ, ಅದ್ರಿಂದ ಏನಾಗುತ್ತೆ” ಎಂದಿದ್ದ.

ಹೆಸರಿಟ್ಟರೆ ಏನಾಗುತ್ತದೆ ಎಂಬುದು ಗಂಡಸರಿಗೆ ತಡವಾಗಿ ಗೊತ್ತಾಗುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲೇ ಈ ಮನೆಯಲ್ಲಿ ನನಗೆ ಮುಂಗೋಪಿ ಎಂದು ಹೆಸರು ಬಿತ್ತು. ಆಮೇಲೆ ತಲೆನೋವೆಂದು ಸುಮ್ಮನೆ ಕೂತರೂ ಸಿಟ್ಟು ಮಾಡಿಕೊಂಡಿದ್ದಾಳೆ ಎಂದೇ ಲೆಕ್ಕ.

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನನ್ನು ಕಾದೆ. ಕೆರೆ ಏರಿಯ ಮೇಲೆ ನಿಂತು ಫೋಟೋ ತೆಗೆದ. ವಕೀಲರಿಗೇ ಇರಬೇಕು ಎಂದುಕೊಂಡೆ. ಎದುರು ಸಿಕ್ಕಾಗ “ಮೊದ್ಲು ನಿಮ್ ಕಡೆಗೆ ನೀರು ಬಿಡ್ಲಾ ಅತ್ತಿಗೆ?” ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದ. ನಿಮ್ ಕಡೆ! ಆ ಎರಡು ಮಾತು ರಾತ್ರಿ ಊಟದ ತಟ್ಟೆಯ ಮುಂದೆಯೂ ಚುಚ್ಚುತ್ತಿದ್ದವು. ಅವನೂ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಇದ್ದೇ ಇರುತ್ತದಲ್ಲ ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡೆ.

ಭಾನುವಾರ ಆ ಎರಡನೆಯ ಏಜೆಂಟು ವಾರದ ಕೆಲಸ ಹಂಚಿತು. ಪೈಪು ಎಳೆಯುವ ಆಳುಗಳೆಲ್ಲ ನೀಲಿಗೆ. ನನ್ನ ಗುಡ್ಡಕ್ಕೆ ಮೆಣಸು ಕೊಯ್ಯುವವರು ಮಾತ್ರ. ಮೊಗ್ಗು ಕಟ್ಟಿ ನಿಂತ ಗಿಡಗಳಿಗೆ ನೀರು ಕೊಡಲು ಒಬ್ಬನೂ ಇಲ್ಲ.

ತಡೆದುಕೊಳ್ಳಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ. ಅವನು ಮೋಟಾರ್ ಶೆಡ್ಡಿನಲ್ಲಿ ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂತಿದ್ದ.

“ಏನ್ ಮಾರಾಯ, ಪಾಲು ಬೇಕಾದ್ರೆ ಬಾಯಿ ಬಿಟ್ಟು ಕೇಳು. ಫೋನಲ್ಲಿ ಬಣ್ಣ ಹಚ್ಚಿ ಯಾಕೆ ಹೇಳ್ತೀಯ?”

ಅವನು ಎದ್ದು ನಿಂತ. “ನಾನಾ? ನೀವೇ ಮಾಡ್ಸಿದ್ದು ಅಂದ್ಕೊಂಡಿದ್ದೆ ಅತ್ತಿಗೆ. ಕೇಳಿದ್ರೆ ಎಲ್ಲಿ ಮಾತಿಗೆ ಮಾತು ಬೆಳೆಯುತ್ತೋ ಅಂತ ಸುಮ್ನಿದ್ದೆ.”

ನಂಬಲಿಲ್ಲ. “ಹಂಗಾದ್ರೆ ಆ ಏಜೆಂಟನ್ನೇ ಕೇಳು, ನನ್ನೆದುರಿಗೆ” ಎಂದೆ.

ಕೈ ಒರೆಸಿಕೊಂಡು, ಈ ಟ್ಯಾಗ್ ಯಾರು ಮಾಡಿದ್ದು, ಯಾಕೆ ಎಂದು ಬೋರ್ಡಿನಲ್ಲಿ ಕೇಳಿದ. ಉತ್ತರ ಬಂತು. ಟ್ಯಾಗ್‌ಗಳನ್ನು ಮಾಡಿದ್ದು ತಾನೇ ಎಂದು ಮೊದಲನೆಯ ಏಜೆಂಟು ಬರೆದಿತ್ತು. ಗುಡ್ಡದ ಕೆಲಸಗಳಿಗೆ ಯಾವಾಗಲೂ ಒಬ್ಬರೇ ಉತ್ತರ ಕೊಡುತ್ತಾರೆ, ಕೆರೆಯ ಬದಿಯ ಕೆಲಸಗಳಿಗೆ ಯಾವಾಗಲೂ ಇನ್ನೊಬ್ಬರು. ಎರಡೂ ಕಡೆ ಮಾತಾಡಿದವರು ಯಾರೂ ಕಾಣಲಿಲ್ಲ. ಆದ್ದರಿಂದ ಎರಡು ತೋಟಗಳೆಂದು ತಿಳಿದು ಎರಡು ಗುಂಪು ಮಾಡಿದ್ದೇನೆ, ತಪ್ಪಿದ್ದರೆ ತಿಳಿಸಿ ಎಂದಿತ್ತು.

ಇಬ್ಬರೂ ನಿಂತೇ ಓದಿದೆವು. ಅದು ಕಂಡದ್ದು ತಪ್ಪಲ್ಲ. ಅಣ್ಣ ಇಲ್ಲದ ಹೊತ್ತಿನಲ್ಲಿ ಅತ್ತಿಗೆಗೆ ಬುದ್ಧಿ ಹೇಳಲು ಬಂದ ಎಂದಾಗಬಾರದೆಂದು ಅವನು ಗುಡ್ಡ ಹತ್ತುತ್ತಿರಲಿಲ್ಲ. ತನ್ನ ಕೆಲಸದ ಮೇಲೆ ಕಣ್ಣಿಡಲು ಬಂದಳು ಎಂದುಕೊಂಡಾನು ಎಂದು ನಾನು ಕೆರೆಗೆ ಇಳಿಯುತ್ತಿರಲಿಲ್ಲ. ಅವನ ಮೇಸ್ತ್ರಿ ಅವನಿಗೆ ಫೋನ್ ಮಾಡುತ್ತಿದ್ದ, ನನ್ನ ಮೇಸ್ತ್ರಿ ನನಗೆ. ಇದಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆವು.

ಅವನು ಅಲ್ಲೇ ಎರಡೂ ಟ್ಯಾಗ್ ಅಳಿಸಿದ. ಮಾರನೆಯ ದಿನ ಗುಡ್ಡಕ್ಕೆ ಪೈಪು ಏರಿತು, ಅವನೂ ಜೊತೆಗೆ ಬಂದ. ಹೂವು ಬಿಟ್ಟ ದಿನ ತೋಟವೆಲ್ಲ ಒಂದೇ ಬಿಳುಪು, ಒಂದೇ ವಾಸನೆ. ಮನಸ್ಸು ಹಗುರಾಯಿತು. ಇನ್ನು ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಹೂವು ಕಂದುವ ಹೊತ್ತಿಗೆ ಟ್ಯಾಗ್‌ಗಳು ಮತ್ತೆ ಬಂದವು. ಅವೇ ಹೆಸರು. ಮೊದಲು ಅವನ ಮೇಲೇ ಸಿಟ್ಟು ಬಂತು, ಆದರೆ ನಿಲ್ಲಲಿಲ್ಲ. ಪೈಪು ಏರಿದ ದಿನದಿಂದೀಚೆಗೆ ಅವನು ಗುಡ್ಡಕ್ಕೆ ಬಂದಿರಲಿಲ್ಲ, ನಾನು ಕೆರೆಗೆ ಇಳಿದಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದಕ್ಕಿಂತ ಅವನ ಮೇಲೆ ಅನುಮಾನ ಪಡುವುದೇ ಎಷ್ಟೋ ಸುಲಭವಾಗಿತ್ತು.

ಸಂಜೆ ಅವನೇ ಬಂದು ಜಗಲಿಯಲ್ಲಿ ಕೂತ. “ಮತ್ತೆ ಬಂದಿದೆ ಅತ್ತಿಗೆ. ಅಳಿಸ್ಲಾ?”

ಅಳಿಸು ಎನ್ನಲು ಬಾಯಿ ತೆರೆದೆ. ಅಳಿಸಿದರೆ ಮತ್ತೆ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

“ಬೇಡ, ಇರ್ಲಿ” ಎಂದೆ. “ಕೆರೆಗೆ ಮಾತ್ರ ಎರಡೂ ಟ್ಯಾಗ್ ಹಾಕು.”

ಅವನು ತಲೆ ತಗ್ಗಿಸಿಕೊಂಡು ಫೋನು ಒತ್ತತೊಡಗಿದ. ನಿಜವಾಗಿ ಹಾಕಿದನೋ ಇಲ್ಲವೋ ಎಂದು ನಾನು ಬಗ್ಗಿ ನೋಡಿದೆ. ಅವನಿಗೆ ಅದು ಗೊತ್ತಾಯಿತು. ಬೇಸರ ಮಾಡಿಕೊಳ್ಳದೆ ಫೋನನ್ನು ನನ್ನ ಕಡೆಗೆ ತಿರುಗಿಸಿದ, ನಾನು ಕನ್ನಡಕ ಹುಡುಕಿ ತಂದು ಓದಿ ಮುಗಿಸುವವರೆಗೂ ಹಾಗೇ ಹಿಡಿದುಕೊಂಡು ಕೂತಿದ್ದ.