ಪುತ್ತಬ್ಬ ಬಾಯಿಬಿಟ್ಟು ಕೇಳಿದ್ದು

2020ರ ಸೆಪ್ಟೆಂಬರ್ 15, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಪುತ್ತಬ್ಬ ಕುವೈತಿನ ನಮ್ಮ ರಕ್ತ ಸಂಗ್ರಹ ಘಟಕದ ಎರಡನೇ ಕುರ್ಚಿಯಲ್ಲಿ ಒರಗಿಕೊಂಡು, ಬಲಗೈಯಲ್ಲಿ ರಬ್ಬರ್ ಚೆಂಡೊಂದನ್ನು ಹಿಂಡುತ್ತಿದ್ದರು. ಸೂಜಿ ಚುಚ್ಚಿದ ಹೊತ್ತನ್ನು ನಿಮಿಷ ಸಮೇತ ಬರೆದಿಡುವುದು ನನ್ನ ಕೆಲಸ. ಹಾಗಾಗಿ ಹೊತ್ತಿನ ಬಗ್ಗೆ ಅನುಮಾನವಿಲ್ಲ.

ಅದು ಅವರ ನಾಲ್ಕನೇ ಸಲ. ಹಿಂದಿನ ಮೂರು ಸಲ ಸೂಜಿ ಒಳಗೆ ಹೋಗುವಾಗ ಅವರು ಏನಾದರೊಂದು ತಮಾಷೆ ಹೇಳಿದ್ದರು. ಅವತ್ತು ಚಾವಣಿಯ ಎಸಿ ಜಾಲರಿಯನ್ನೇ ನೋಡುತ್ತಿದ್ದರು.

"ತುಟಿ ಜುಂ ಅಂತದಾ, ಪುತ್ತಬ್ಬಾಕ?" ಎಂದು ಕೇಳಿದೆ. ಅವರ ಕಡೆ ಅಣ್ಣ ಎನ್ನುವಂತೆ ಹೆಸರಿಗೆ 'ಆಕ' ಸೇರಿಸುತ್ತಾರೆ.

"ಅಂತದೆ."

"ಮಾತ್ರೆ ಕೊಡ್ಲಾ?"

"ಕೊಟ್ರೆ ಕೊಡಿ."

ಪ್ಲಾಸ್ಮಾ ತೆಗೆಯುವ ಯಂತ್ರ ಕೈಯಿಂದ ರಕ್ತ ಎಳೆದುಕೊಂಡು, ಅದರ ಕೆಂಪು ಕಣಗಳನ್ನು ಅದೇ ಕೈಗೆ ತಿರುಗಿ ಕೊಡುತ್ತದೆ. ತಿಳಿ ಹಳದಿಯ ನೀರು ಮಾತ್ರ ಚೀಲದಲ್ಲಿ ಉಳಿಯುತ್ತದೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಬೆರೆಸುವ ಸಿಟ್ರೇಟ್, ದೇಹದ ಕ್ಯಾಲ್ಸಿಯಮ್ಮನ್ನು ಸ್ವಲ್ಪ ಹೊತ್ತು ಹಿಡಿದಿಡುವುದರಿಂದ ತುಟಿ, ಬೆರಳ ತುದಿ ಜೋಮು ಹಿಡಿಯುತ್ತವೆ. ಒಂದು ಮಾತ್ರೆ ಕೊಟ್ಟರೆ ಸರಿಹೋಗುತ್ತದೆ. ಪುತ್ತಬ್ಬ ಮಾತ್ರೆ ಚಪ್ಪರಿಸಿದರು. ನಲವತ್ತೆಂಟು ನಿಮಿಷದಲ್ಲಿ ಆರುನೂರು ಮಿಲಿಲೀಟರ್ ಬಂತು. ಚೀಲದ ಮೇಲೆ ರೋಗಿಯ ಹೆಸರು ಬರೆದೆ: ರುಡಾಲ್ಫ್, ವಯಸ್ಸು ಐವತ್ತೆರಡು.

ಪುತ್ತಬ್ಬನವರಿಗೆ ಆಗ ನಲವತ್ತಾರು. ಊರು ಪುತ್ತೂರಿನ ಹತ್ತಿರ ಕುಂಬ್ರ. ಹದಿನಾಲ್ಕು ವರ್ಷ ಕುವೈತಿನ ಒಂದು ಶಾಲೆಯ ಬಸ್ ಓಡಿಸಿದವರು. ಫಿಂಟಾಸಿನ ಒಂದು ಕೋಣೆಯಲ್ಲಿ ಆರು ಮಂದಿಯೊಂದಿಗೆ ವಾಸ. ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಏಪ್ರಿಲಿನಲ್ಲಿ ಅರ್ಧ ಸಂಬಳ ಬಂತು, ಮೇ ತಿಂಗಳಿಂದ ಅದೂ ಇಲ್ಲ. ಜೂನಿನಲ್ಲಿ ಆ ಕೋಣೆಯ ಏಳು ಜನರಿಗೂ ಕೊರೊನಾ ಬಂತು. ಇವರದು ಹತ್ತೊಂಬತ್ತು ದಿನಕ್ಕೆ ವಾಸಿಯಾಯಿತು.

ಗುಣವಾದವರ ಪ್ಲಾಸ್ಮಾದಲ್ಲಿ ರೋಗದ ವಿರುದ್ಧ ಪ್ರತಿಕಾಯಗಳಿರುತ್ತವೆ, ಅದನ್ನು ರೋಗಿಗೆ ಕೊಟ್ಟರೆ ಬದುಕಿಯಾರು ಎಂದು ಆಗ ಎಲ್ಲೆಡೆ ನಂಬಿಕೆಯಿತ್ತು. ಪುತ್ತಬ್ಬನವರದು ಎಬಿ ಗುಂಪು. ಎಬಿಯವರ ರಕ್ತ ಎಬಿಯವರಿಗೆ ಮಾತ್ರ ಸಲ್ಲುವುದರಿಂದ ಅವರನ್ನು ಹುಡುಕಿಕೊಂಡು ಬರುವವರು ಕಡಿಮೆ. ಪ್ಲಾಸ್ಮಾದಲ್ಲಿ ಇದು ತಿರುವುಮುರುವು. ಎಬಿಯವರ ಪ್ಲಾಸ್ಮಾವನ್ನು ಯಾವ ಗುಂಪಿನವರಿಗೂ ಕೊಡಬಹುದು.

"ಇಷ್ಟು ವರ್ಷ ನನ್ನ ರಕ್ತವನ್ನು ಒಂದು ಸೊಳ್ಳೆ ಬಿಟ್ರೆ ಯಾರೂ ಕೇಳ್ಲಿಲ್ಲ ಸಿಸ್ಟರೇ," ಎಂದಿದ್ದರು ಜುಲೈಯಲ್ಲಿ, ಮೊದಲ ಸಲ ಬಂದಾಗ. "ಈಗ ನೋಡಿ, ದಿನಕ್ಕೆ ನಾಲ್ಕು ಫೋನು."

"ನಾನು ಸಿಸ್ಟರ್ ಅಲ್ಲ, ಟೆಕ್ನಿಷಿಯನ್."

"ಬಸ್ಸಿನ ಮಕ್ಕಳು ನನ್ನನ್ನು ಅಂಕಲ್ ಅಂತಾರೆ. ನಾನೆಂತ ಅವರ ಅಪ್ಪನ ತಮ್ಮನಾ?"

ಆ ಮೊದಲ ಸಲ ಅವರು ದುಡ್ಡಿನ ಯೋಚನೆ ಮಾಡಿರಲಿಲ್ಲ. ಆ ಸಲದ ರೋಗಿಯ ಮಗ ಅಬೂಬಕ್ಕರ್ ಎಂಬವನು ಹೊರಗೆ ಕಾದಿದ್ದು ಒಂದು ಡಬ್ಬ ಖರ್ಜೂರ ಕೊಟ್ಟು ಹೋದ. ಕೋಣೆಗೆ ಹೋಗಿ ಬಿಚ್ಚಿದರೆ ಮೇಲಿನ ಪದರದ ಕೆಳಗೆ ಇಪ್ಪತ್ತು ದಿನಾರಿನ ನೋಟು. ಪುತ್ತಬ್ಬ ಕೂಡಲೇ ಫೋನ್ ಮಾಡಿದರು. "ಅದು ಟ್ಯಾಕ್ಸಿಯದ್ದು, ಪುತ್ತಬ್ಬಾಕ," ಎಂದನಂತೆ ಅವನು. ಇವರು ಬಂದದ್ದು ಇನ್ನೂರೈವತ್ತು ಫಿಲ್ಸಿನ, ಅಂದರೆ ಕಾಲು ದಿನಾರಿನ ಬಸ್ಸಿನಲ್ಲಿ.

ಕೈಕುಲುಕುವ ಹಾಗಿದ್ದರೆ ಅಂಗೈಯಲ್ಲಿ ಮಡಚಿಟ್ಟು ದಾಟಿಸಬಹುದಿತ್ತು. ಆ ವರ್ಷ ಯಾರೂ ಯಾರ ಕೈಯನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಖರ್ಜೂರದ ಡಬ್ಬ, ಜ್ಯೂಸಿನ ಕೈಚೀಲ, ಒಮ್ಮೆ ಹೊಸ ಬನಿಯನ್ನಿನ ಪ್ಯಾಕೆಟ್. ಕೊಡುವವರೂ ಮೊತ್ತ ಹೇಳುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ. ನಮ್ಮ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಈ ದಾನಕ್ಕೆ ಯಾರಿಂದಲಾದರೂ ಹಣ ಪಡೆದಿದ್ದೀರಾ? ನಾನು ಓದುತ್ತಿದ್ದೆ, ಅವರು "ಇಲ್ಲ" ಎನ್ನುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ಖರ್ಜೂರ ಸಿಗುವುದು ಗುರುತು ಹಾಕಿದ ಮೇಲೆ. ಆದ್ದರಿಂದ ಆ ಉತ್ತರ ಸುಳ್ಳಾಗಿರಲಿಲ್ಲ.

ಊರಿನಲ್ಲಿದ್ದ ಹೆಂಡತಿ ಮರಿಯಮ್ ಬೀವಿಗೆ ಅವರು ಏನನ್ನೂ ಮುಚ್ಚಿಡಲಿಲ್ಲ. ಆಕೆ ಬ್ಯಾರಿ ಭಾಷೆಯಲ್ಲಿ ಹೇಳಿದ ಮಾತನ್ನು ಪುತ್ತಬ್ಬ ನನಗೆ ಕನ್ನಡದಲ್ಲಿ ಒಪ್ಪಿಸಿದ್ದರು:

"ಅವರಾಗಿ ಕೊಟ್ರೆ ತಕ್ಕೊಳ್ಳಿ, ನಾನು ಬೇಡ ಹೇಳುದಿಲ್ಲ. ನೀವು ಮಾತ್ರ ಬಾಯಿಬಿಟ್ಟು ಕೇಳ್ಬೇಡಿ. ರಕ್ತಕ್ಕೆ ರೇಟು ಹೇಳಿದ ದುಡ್ಡು ಈ ಮನೆಗೆ ಬೇಡ."

ಪ್ರತಿ ಸಲ ಹಣ ಕಳಿಸಿದಾಗಲೂ ಆಕೆಯದು ಒಂದೇ ಪ್ರಶ್ನೆ: "ಕೊಟ್ಟದ್ದಾ, ಕೇಳಿದ್ದಾ?" ಇವರದು ಒಂದೇ ಉತ್ತರ: "ಕೊಟ್ಟದ್ದು." ಆ ಉತ್ತರ ಹೇಳಲಿಕ್ಕೆ ಆಗುತ್ತಿತ್ತು ಎಂಬುದೇ ಆ ತಿಂಗಳುಗಳಲ್ಲಿ ಪುತ್ತಬ್ಬನವರಿಗಿದ್ದ ಸಮಾಧಾನ ಎಂದು ನನಗೆ ಈಗ ಅನಿಸುತ್ತದೆ. ಕೋಣೆಯ ಬಾಡಿಗೆ ಬಾಕಿ, ಊಟ ಯಾವುದೋ ಸಂಘದ ಪೊಟ್ಟಣದ್ದು. ಆದರೆ ಪ್ಲಾಸ್ಮಾ ಮಾರಿದವ ಅಲ್ಲ.

ಮಗಳು ಫಾತಿಮತ್ ಶಹನಾ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಎರಡನೇ ವರ್ಷದ ಫೀಸು ಮೂವತ್ತಮೂರು ಸಾವಿರ ರೂಪಾಯಿ. ಕೊನೆಯ ದಿನ ಸೆಪ್ಟೆಂಬರ್ 28. ಖರ್ಜೂರದ ಡಬ್ಬದಿಂದ ಅದು ಹುಟ್ಟುವ ಹಾಗಿರಲಿಲ್ಲ.

ರುಡಾಲ್ಫ್ ಸೆಪ್ಟೆಂಬರ್ 17ರಂದು ತೀರಿಕೊಂಡರು. ಸಾವಿನ ಪಟ್ಟಿಯಲ್ಲಿ ಹೆಸರು ನೋಡಿದೆ. ಆ ವರ್ಷ ಪಟ್ಟಿ ನೋಡುವುದೂ ಸಮಯ ಬರೆಯುವ ಹಾಗೆಯೇ ಒಂದು ಕೆಲಸವಾಗಿತ್ತು.

24ನೇ ತಾರೀಕು ಗುರುವಾರ, ಅವರ ಹೆಂಡತಿ ರೆಜಿನಾ ನಮ್ಮ ಕೌಂಟರಿಗೆ ಬಂದರು. ಒಂದು ಟ್ರೇಡಿಂಗ್ ಕಂಪನಿಯ ಆಫೀಸಿನಲ್ಲಿ ಕೆಲಸ, ಮೂಲ ಬಂಟ್ವಾಳದ ಕಡೆ. ಎರಡು ಮಾಸ್ಕ್ ಹಾಕಿಕೊಂಡಿದ್ದರು. ಮಾತು ಸ್ಪಷ್ಟವಾಗಿತ್ತು, ಸ್ವಲ್ಪ ನಿಧಾನ.

"ಪುತ್ತಬ್ಬ ಅಂತ ಒಬ್ರು ನಮಗೆ ಪ್ಲಾಸ್ಮಾ ಕೊಟ್ಟಿದ್ರು. ಏಳು ಸಲ ಫೋನ್ ಮಾಡಿದೆ, ಎತ್ತುದಿಲ್ಲ. ನೀವು ಮಾಡಿದ್ರೆ ಎತ್ತಬಹುದಾ?"

ಎತ್ತಿದರು. "ರೆಜಿನಾ ಬಂದಿದ್ದಾರೆ," ಎಂದೆ. "ಬರ್ತೇನೆ" ಎಂದರು. ಫಿಂಟಾಸಿನಿಂದ ಬಸ್ಸಿನಲ್ಲಿ ಬರಲು ಐವತ್ತು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ರೆಜಿನಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನೀರು ಬೇಕೇ ಎಂದು ಕೇಳಿದೆ. ಬೇಡವೆಂದರು.

ಗೇಟಿನ ಹತ್ತಿರ ನೆರಳಿನಲ್ಲಿ ಇಬ್ಬರೂ ಆರಡಿ ದೂರ ನಿಂತರು. ಅದುವರೆಗೆ ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ನೀವಾ ಪುತ್ತಬ್ಬ?"

"ಹೌದಮ್ಮ."

"ಇದು ನಿಮ್ಮದು." ಒಂದು ಬಿಳಿ ಕವರು.

"ಬೇಡಮ್ಮ. ಅವರೇ ಹೋದ್ರಲ್ಲ. ಇನ್ನು ಎಂತದ್ದು."

"ಅವ್ರು ಹೋದದ್ದು ಬೇರೆ, ಇದು ಬೇರೆ. ನೀವು ಕೊಡ್ತೇನೆ ಅಂದ್ರಿ, ಕೊಟ್ರಿ. ನಾನೂ ಕೊಡ್ತೇನೆ ಅಂದಿದ್ದೆ."

"ನಂಗೆ ಬೇಡ."

"ನೋಡಿ ಪುತ್ತಬ್ಬರೇ, ನನಗೆ ಇವತ್ತು ಇನ್ನೂ ಮೂರು ಆಫೀಸಿಗೆ ಹೋಗ್ಲಿಕ್ಕುಂಟು. ಅವರ ವೀಸಾ, ಇಕಾಮಾ ಕ್ಯಾನ್ಸಲ್ ಮಾಡುದು, ಬ್ಯಾಂಕು, ಮತ್ತೊಂದು. ಇದೊಂದು ಖಲಾಸ್ ಆಗ್ಲಿ. ತಕ್ಕೊಳ್ಳಿ."

ಪುತ್ತಬ್ಬ ಕೈ ಚಾಚಿದರು. ಕವರು ಕೈಗೆ ಬಂದಾಗ ರೆಜಿನಾ ಹೇಳಿದರು:

"ಎಣಿಸಿ."

"ಇರ್ಲಿ ಅಮ್ಮ."

"ಎಣಿಸಿ ಅಂದೆ. ಚಿಲ್ಲರೆಗೆ ನಿನ್ನೆ ಎರಡು ಅಂಗಡಿ ತಿರುಗಿದ್ದೇನೆ."

ಅವರು ಎಣಿಸಿದರು. ಸರಿಯಿದೆ ಎಂದು ತಲೆಯಾಡಿಸಿದರು. ರೆಜಿನಾ "ಥ್ಯಾಂಕ್ಸ್" ಎಂದು ಹೇಳಿ ರಸ್ತೆ ದಾಟಿದರು. ಯಾರೂ ಅಳಲಿಲ್ಲ. ಬಿಸಿಲು ನಲವತ್ತೆರಡು ಡಿಗ್ರಿ ಇತ್ತು.

ಪುತ್ತಬ್ಬ ಬೆಂಚಿನ ಮೇಲೆ ಕೂತರು. ನನಗೆ ಚಹಾ ವಿರಾಮ ಹದಿನೈದು ನಿಮಿಷ. ಪಕ್ಕದ ಬೆಂಚಿನಲ್ಲಿ ಕೂತೆ.

"ಬೇರೆ ಯಾರೂ ಎಷ್ಟು ಅಂತ ಕೇಳಿರ್ಲಿಲ್ಲ, ಸಿಸ್ಟರೇ," ಎಂದರು. "ಎಲ್ಲರೂ ಬನ್ನಿ ಬನ್ನಿ, ನಾವು ನೋಡಿಕೊಳ್ತೇವೆ ಅಂತಾರೆ. ಈ ಅಮ್ಮ ಫೋನ್ ಮಾಡಿದವ್ರು ಸೀದಾ, ಎಷ್ಟು ಕೊಡ್ಬೇಕು ಹೇಳಿ, ನಂಗೆ ಇದರ ರೂಲ್ಸ್ ಗೊತ್ತಿಲ್ಲ, ನಿಮಗೆ ಕಮ್ಮಿ ಆಗುದು ಬೇಡ ಅಂದ್ರು. ಮರ್ಯಾದೆಯಲ್ಲೇ ಕೇಳಿದ್ದು. ನಾನು ಎಂತದ್ದೂ ಬೇಡಮ್ಮ ಅಂದಿದ್ರೂ ಏನಾದ್ರೂ ಕೊಡ್ತಿದ್ರು."

"ಮತ್ತೆ?"

"ಆಗಷ್ಟೇ ಫೋನಲ್ಲಿ ಶಹನಾಳ ಫೀಸು, ಆ ಮೂವತ್ತಮೂರು ಸಾವಿರ, ಹಾಕಿ ನೋಡ್ತಾ ಇದ್ದೆ. ಆ ವಾರ ದಿನಾರಿಗೆ ಇನ್ನೂರ ನಲವತ್ತು ರೂಪಾಯಿ ಸಿಗ್ತಾ ಇತ್ತು. ಎಷ್ಟು ದಿನಾರ್ ಆಗ್ತದೆ ಅಂತ. ಅದರ ನಡುವೆ ಕಾಲ್ ಬಂತು. ಮನಸ್ಸಲ್ಲಿ ಇದ್ದದ್ದು ಬಾಯಿಗೆ ಬಂತು."

"ಅವರೆಂತ ಹೇಳಿದ್ರು?"

"ಓಕೆ ಅಂದ್ರು. ಬರೆದುಕೊಂಡ್ರು ಕಾಣ್ತದೆ, ಪೆನ್ನಿನ ಶಬ್ದ ಕೇಳಿತು."

ಕವರನ್ನು ಅಂಗಿಯ ಜೇಬಿಗೆ ಹಾಕಿದರು, ತೆಗೆದರು, ಪ್ಯಾಂಟಿನ ಜೇಬಿಗೆ ಹಾಕಿದರು. ನನ್ನ ಹದಿನೈದು ನಿಮಿಷ ಮುಗಿಯಿತು.

ಅವರು ಮತ್ತೆ ಪ್ಲಾಸ್ಮಾ ಕೊಡಲು ಬರಲಿಲ್ಲ. ಅಕ್ಟೋಬರಿನಲ್ಲಿ ನಾನೇ ಫೋನ್ ಮಾಡಿ ಕರೆದಾಗ "ಈಗ ಪುರುಸೊತ್ತಿಲ್ಲ" ಎಂದರು. ಎಗೈಲಾದ ಸೂಪರ್‌ಮಾರ್ಕೆಟ್ ಒಂದರಲ್ಲಿ ಮನೆಮನೆಗೆ ಸಾಮಾನು ತಲುಪಿಸುವ ವ್ಯಾನ್ ಓಡಿಸುವ ಕೆಲಸ ಸಿಕ್ಕಿತ್ತು. ಬಂದಿದ್ದರೂ ಬಹುಶಃ ವಾಪಸ್ ಕಳಿಸಬೇಕಾಗುತ್ತಿತ್ತು. ಪ್ರತಿಕಾಯಗಳ ಪ್ರಮಾಣ ತಿಂಗಳು ಕಳೆದಂತೆ ಇಳಿಯುತ್ತದೆ.

ಮರುವರ್ಷ ದೊಡ್ಡ ಅಧ್ಯಯನಗಳ ಫಲಿತಾಂಶ ಬಂತು. ಆಸ್ಪತ್ರೆಯಲ್ಲಿದ್ದ ಸಾವಿರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ಲಾಸ್ಮಾ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಿದ್ದರು. ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಓದಿದ ದಿನವೇ ಪುತ್ತಬ್ಬನವರಿಗೆ ಫೋನ್ ಮಾಡಿದೆ. ಅವರ ಮನಸ್ಸು ಸ್ವಲ್ಪ ಹಗುರವಾದೀತು ಎಂದುಕೊಂಡಿದ್ದೆ. ವ್ಯಾನನ್ನು ಬದಿಗೆ ನಿಲ್ಲಿಸಿ ಕೇಳಿಸಿಕೊಂಡರು.

"ಅಂದ್ರೆ ನಾನು ಕೊಟ್ಟದ್ದರಿಂದ ಅವರಿಗೆ ಎಂತದ್ದೂ ಆಗ್ಲಿಲ್ಲ."

"ಕೊಟ್ಟಿದ್ರೂ ಅಷ್ಟೇ, ಕೊಡದಿದ್ರೂ ಅಷ್ಟೇ. ತಪ್ಪು ನಿಮ್ಮದಲ್ಲ."

"ಅದು ನಿಮ್ಮ ಓದಿನ ವಿಷಯ, ಸಿಸ್ಟರೇ. ನನ್ನದು ಬೇರೆ." ಹಿಂದೆ ಯಾರೋ ಹಾರ್ನ್ ಹೊಡೆದರು. "ಯಲ್ಲಾ, ಹೋಗು ಮಾರಾಯ," ಎಂದು ಅವನಿಗೆ ಹೇಳಿ ಮುಂದುವರಿಸಿದರು. "ಆ ದುಡ್ಡು ಮಾರನೇ ದಿನವೇ ಕಳಿಸಿದೆ. ಅವಳು ಯಾವಾಗಿನ ಹಾಗೆ ಕೇಳಿದಳು, ಕೊಟ್ಟದ್ದಾ, ಕೇಳಿದ್ದಾ ಅಂತ. ಸುಳ್ಳು ಹೇಳುವಾ ಅಂತಲೇ ಇದ್ದೆ. ಬರ್ಲಿಲ್ಲ. ಕೇಳಿದ್ದು ಅಂದೆ."

"ಬೈದ್ರಾ?"

"ಬೈದಿದ್ರೆ ಬೇರೆ. ಎಷ್ಟು ಕೇಳಿದ್ರಿ ಅಂದಳು. ಹೇಳಿದೆ. ಲೆಕ್ಕದಲ್ಲಿ ಅವಳು ನನಗಿಂತ ಫಾಸ್ಟು. ಮತ್ತೆ, ಶಹನಾಳಿಗೆ ಗೊತ್ತಾಗುದು ಬೇಡ ಅಂದಳು. ಫೀಸು ಕಟ್ಟಿದಳು. ಈಗ ಎಷ್ಟು ಕಳಿಸಿದ್ರೂ ಆ ಪ್ರಶ್ನೆ ಕೇಳುದಿಲ್ಲ."

ಶಹನಾ ಮೂರನೇ ವರ್ಷಕ್ಕೆ ಹೋಗಿದ್ದಳು, ಒಳ್ಳೆಯ ಅಂಕ ಬಂದಿದ್ದವು. ಅದನ್ನೂ ಹೇಳಿದರು. ಇಡುವ ಮೊದಲು ನಾನು, ಕೇಳಬಾರದಿತ್ತೇನೋ, ಮರಿಯಮ್ ಬೀವಿ ಕೇಳಿದ್ದನ್ನೇ ಕೇಳಿದೆ: ರೆಜಿನಾಗೆ ನೀವು ಎಷ್ಟು ಅಂದಿರಿ?

ಪುತ್ತಬ್ಬ ಯೋಚಿಸಲಿಲ್ಲ.

"ನೂರ ಮೂವತ್ತೇಳೂವರೆ ದಿನಾರ್."